ಐದರ ಪಕ್ಕ ಒಂದು ಗೀಟು

ಬಳ್ಳಾರಿಯಿಂದ ಸಿರುಗುಪ್ಪದ ಕಡೆ ಹೋಗುವ ರಸ್ತೆಯಲ್ಲಿ, ಭತ್ತದ ಲಾರಿಗಳು ತೂಕ ಮಾಡಿಸಿಕೊಳ್ಳುವ ಒಂದು ವೇ ಬ್ರಿಡ್ಜ್ ಇದೆ. ನಮ್ಮ ಕಡೆ ಅದನ್ನು ಕಾಟಾ ಎನ್ನುತ್ತಾರೆ. ಇಪ್ಪತ್ತೆರಡು ವರ್ಷ ಅಲ್ಲಿ ಕಿಟಕಿಯ ಹಿಂದೆ ಕೂತು ತೂಕದ ಚೀಟಿ ಕೊಟ್ಟವನು ನಮ್ಮ ಅಣ್ಣ. ಆ ರಸ್ತೆಯ ಡ್ರೈವರುಗಳಿಗೆ ಅವನ ಹೆಸರು ಗೊತ್ತಿರಲಿಲ್ಲ, ‘ಕಾಟಾ ಅಣ್ಣ’ ಎಂದೇ ಕರೆಯುತ್ತಿದ್ದರು. ನಾನೂ ಇಲ್ಲಿ ಹೆಸರು ಬರೆಯುವುದಿಲ್ಲ. ಬರೆದರೆ ಅವನಿಗೆ ಸಂಕೋಚವಾಗುತ್ತಿತ್ತು.

ಒಂದು ಸುಗ್ಗಿಯಲ್ಲಿ ಅವನಿಗೆ ಬುತ್ತಿ ಕೊಡಲು ಹೋಗಿದ್ದೆ. ತುಂಬಿದ ಲಾರಿಯೊಂದು ಕಾಟಾ ಮೇಲೆ ಹತ್ತಿ ನಿಂತಿತ್ತು. ಅಣ್ಣ ಸ್ವಲ್ಪ ಹೊತ್ತು ಅಂಕಿ ನೋಡಿದ. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಹಿಂದಿನ ಗಾಲಿ ಹತ್ರ ನಿಂತೋರು ಇಬ್ರೂ ಇಳದು ಚಾ ಕುಡದು ಬರ್ರಿ, ಆಮ್ಯಾಲ ತೂಗೋಣ” ಎಂದ. ಕಿಟಕಿಯಿಂದ ಲಾರಿಯ ಹಿಂಭಾಗ ಕಾಣುವುದೇ ಇಲ್ಲ. ತೂಕ ಹೆಚ್ಚಿಸಲು ನಿಂತಿದ್ದ ಇಬ್ಬರು ಹಮಾಲರು ನಗುತ್ತಾ ಇಳಿದು ಬಂದರು. ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದರೆ, “ಭತ್ತದ ಚೀಲ ಉಸಿರಾಡಂಗಿಲ್ಲ, ಮನಿಷ್ಯಾ ಉಸಿರಾಡತಾನ. ಅಂಕಿ ಅಳ್ಳಾಡತೈತಿ” ಎಂದು ಬುತ್ತಿ ಬಿಚ್ಚಿದ. ಹೊಟ್ಟೆಪಾಡಿನವರನ್ನು ಅವನು ಬೈಯಲೂ ಇಲ್ಲ, ಮಾಲೀಕನಿಗೆ ಹೇಳಲೂ ಇಲ್ಲ. ಆದರೆ ಅವರು ಇಳಿಯುವ ತನಕ ಚೀಟಿಯನ್ನೂ ಹರಿಯಲಿಲ್ಲ.

ಇದು ಅವನ ಆರು ದಿನಗಳ ಬಾಳು. ಏಳನೆಯ ದಿನ, ಆದಿತ್ಯವಾರ, ಅವನು ಬೇರೆಯೇ ಮನುಷ್ಯ. ಮಧ್ಯಾಹ್ನ ಊಟವಾದ ಮೇಲೆ ನಮ್ಮ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ, ನಡುವೆ ಒಂದು ಹಲಗೆ ಇಟ್ಟು, ಕೋಟೆ ಕಾಡು ಕಣಿವೆಗಳ ಕತೆ ಹೇಳಲು ಕೂರುತ್ತಿದ್ದ. ಕತೆ ಎಂದರೆ ಬರೀ ಕೇಳುವ ಕತೆಯಲ್ಲ, ಆಡುವ ಕತೆ. ಕೂತವರೆಲ್ಲ ಆ ಕತೆಯೊಳಗೆ ಒಬ್ಬೊಬ್ಬ ಮನುಷ್ಯರಾಗುತ್ತಾರೆ. ಅಣ್ಣ ಎದುರಿಗೆ ಹೊಳೆ ತಂದಿಡುತ್ತಾನೆ. ದಾಟುವುದೋ ಬಿಡುವುದೋ ನಾವು ಹೇಳಬೇಕು. ದಾಟಲು ಆಗುತ್ತದೋ ಇಲ್ಲವೋ ಎನ್ನುವುದನ್ನು ದಾಳ ಹೇಳುತ್ತದೆ.

ಈ ಆಟದ ಪುಸ್ತಕ ಅವನಿಗೆ ಸಿಕ್ಕಿದ್ದು ರದ್ದಿ ಅಂಗಡಿಯಲ್ಲಿ. ಯಾವುದೋ ಹಾಸ್ಟೆಲಿನ ಹುಡುಗರು ಬಿಟ್ಟುಹೋದ ಇಂಗ್ಲಿಷ್ ಪುಸ್ತಕ. ಡಿಕ್ಷನರಿ ಇಟ್ಟುಕೊಂಡು ಒಂದು ಮಳೆಗಾಲ ಪೂರ್ತಿ ಓದಿದ. ಪುಸ್ತಕದ ಹಿಂದಿನ ಅರ್ಧವನ್ನು ಗೆದ್ದಲು ತಿಂದಿತ್ತು. ಮಂತ್ರವಾದಿ, ಪೂಜಾರಿ, ಕಳ್ಳ, ಎಲ್ಲರೂ ಆ ಅರ್ಧದಲ್ಲಿದ್ದರಂತೆ. ಪೂರ್ತಿ ಉಳಿದಿದ್ದು ಕತ್ತಿ ಹಿಡಿದು ಕಾದುವವರ ಪಾಠ ಒಂದೇ. ಆದ್ದರಿಂದ ನಮ್ಮ ಮನೆಯ ಆಟದಲ್ಲಿ ಎಲ್ಲರೂ ಕಾದುವವರೇ. ಅಣ್ಣ ಅವರನ್ನು ಕಟ್ಟಾಳು ಎಂದು ಕರೆದ. ಪೇಟೆಯಲ್ಲಿ ಪೂರ್ತಿ ಪುಸ್ತಕ ಸಿಗುತ್ತದೆ, ತರಿಸೋಣವೇ ಎಂದು ಒಬ್ಬರು ಕೇಳಿದಾಗ ಬೇಡವೆಂದ. ಎಲ್ಲರೂ ಕಟ್ಟಾಳುಗಳಾದಾಗಲೇ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಫರಕು ಕಾಣುವುದು ಎಂದು ಅವನ ವಾದ.

ಆ ಫರಕು ಇರುವುದು ಆರು ಅಂಕಿಗಳಲ್ಲಿ. ಪ್ರತಿ ಕಟ್ಟಾಳುವಿಗೂ ಆರು ಗುಣ, ಪ್ರತಿ ಗುಣಕ್ಕೂ ಒಂದು ಅಂಕಿ. ಇಂಗ್ಲಿಷಿನ ಹೆಸರುಗಳನ್ನು ಅಣ್ಣ ನಮ್ಮ ಮಾತಿಗೆ ತಿರುಗಿಸಿದ. ಕಸುವು, ಚುರುಕು, ತಾಳಿಕೆ, ಬುದ್ಧಿ, ಈ ನಾಲ್ಕು ಯಾರಾದರೂ ಇಡಬಹುದಾದ ಹೆಸರುಗಳು. ಉಳಿದ ಎರಡನ್ನು ಇಟ್ಟದ್ದರಲ್ಲಿ ಅವನು ಕಾಣುತ್ತಾನೆ. ಎದುರಿನವನ ಮುಖ ನೋಡಿ ಒಳಗಿನದನ್ನು ಹಿಡಿಯುವುದಕ್ಕೆ ‘ಅಂದಾಜು’ ಎಂದ. ನಾಲ್ಕು ಮಂದಿ ನಮ್ಮ ಮಾತಿಗೆ ತಲೆದೂಗುವ ಶಕ್ತಿಗೆ ‘ವಜನು’, ಅಂದರೆ ತೂಕ, ಎಂದ. ಕಾಟಾದವನಿಗೆ ಬೇರೆ ಯಾವ ಹೆಸರು ಹೊಳೆದೀತು?

ಅಂಕಿ ಪಡೆಯಲು ಅವನದೊಂದು ಪದ್ಧತಿ ಇತ್ತು. ಕಟ್ಟಾಳು ಮಾಡಿಕೊಳ್ಳುವವರು ಒಬ್ಬರೇ ಅಡುಗೆಮನೆಗೆ ಹೋಗಬೇಕು. ಅಲ್ಲಿ ಹಿಟ್ಟು ನಾದುವ ಪರಾತದಲ್ಲಿ ನಾಲ್ಕು ದಾಳ ಹಾಕಬೇಕು. ತೀರ ಸಣ್ಣದನ್ನು ಬಿಟ್ಟು ಉಳಿದ ಮೂರನ್ನು ಕೂಡಿಸಿ ಬರೆದುಕೊಳ್ಳಬೇಕು. ಹೀಗೆ ಆರು ಸಲ. ಯಾವ ಅಂಕಿ ಯಾವ ಗುಣಕ್ಕೆ ಎನ್ನುವುದು ಅವರವರ ಇಷ್ಟ. ಬಿದ್ದ ಅಂಕಿಯನ್ನು ಮಾತ್ರ ಬದಲಿಸುವಂತಿಲ್ಲ. ದಾಳ ಹಾಕುವಾಗ ಯಾರೂ ನೋಡುವುದಿಲ್ಲ, ಆಮೇಲೆ ಯಾರೂ ಕೇಳುವುದಿಲ್ಲ. ಮೊದಲ ದಿನವೇ ಒಬ್ಬರು, “ಸುಳ್ಳು ಬರದ್ರ ಏನು ಮಾಡ್ತೀರಿ ಅಣ್ಣಾರ?” ಎಂದು ಕೇಳಿದ್ದರಂತೆ. “ಆರು ದಿನ ಅನುಮಾನ ಮಾಡೋದ ನನ್ನ ಕೆಲಸ. ಆದಿತ್ಯವಾರ ರಜಾ” ಎಂದನಂತೆ.

ಆ ಪ್ರಶ್ನೆ ಕೇಳಿದವರು ಕುರುಗೋಡಿನ ಖಾದರ್ ಭಾಯಿ. ಅಲ್ಲಿ ಅವರದೊಂದು ಮೆಡಿಕಲ್ ಶಾಪ್ ಇದೆ. ಇನ್ನೊಬ್ಬರು ಸಿರುಗುಪ್ಪದ ಹುಲಿಗೆಮ್ಮ ಟೀಚರ್, ಹೈಸ್ಕೂಲಿನಲ್ಲಿ ಗಣಿತ ಹೇಳುವವರು. ಇಬ್ಬರೂ ಪ್ರತಿ ಆದಿತ್ಯವಾರ ಬಸ್ಸಿನಲ್ಲಿ ಬರುತ್ತಿದ್ದರು. ಒಬ್ಬರು ಮಾತ್ರೆಯ ವಾಸನೆ ತರುತ್ತಿದ್ದರು, ಇನ್ನೊಬ್ಬರು ಸೀಮೆಸುಣ್ಣದ ವಾಸನೆ. ನಾನು ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಾಡಿ ಕೊಟ್ಟು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಕೇಳುತ್ತಿದ್ದೆ.

“ದೊಡ್ಡ ಅಂಕಿ ಎಲ್ಲಿ ಇಡಬೇಕಂತ ಎಲ್ಲಾರಿಗೂ ಗೊತ್ತೈತಿ, ಕಸುವಿಗೆ ಇಡ್ತೀರಿ. ಸಣ್ಣ ಅಂಕಿ ಎಲ್ಲಿ ಇಡ್ತೀರಿ ಹೇಳ್ರಿ, ನಿಮ್ಮ ಕಟ್ಟಾಳು ಯಾರಂತ ನಾ ಹೇಳತೀನಿ.” ಇದು ಅಣ್ಣ ಯಾವಾಗಲೂ ಆಡುತ್ತಿದ್ದ ಮಾತು.

ಹುಲಿಗೆಮ್ಮ ಟೀಚರಿಗೆ ಬಿದ್ದ ಸಣ್ಣ ಅಂಕಿ ಆರು. ಅದನ್ನು ಬುದ್ಧಿಗೆ ಇಡಿ, ಕತ್ತಿ ಹಿಡಿದವಳಿಗೆ ಲೆಕ್ಕ ಯಾಕೆ ಎಂದು ಖಾದರ್ ಭಾಯಿ ಸಲಹೆ ಕೊಟ್ಟರು. ಟೀಚರ್ ಬಹಳ ಹೊತ್ತು ಪೆನ್ಸಿಲ್ ಕಚ್ಚಿ, ವಜನಿಗೆ ಇಟ್ಟರು. ಅರವತ್ತು ಹುಡುಗರನ್ನು ಒಂದು ಕಣ್ಣುಸನ್ನೆಯಲ್ಲಿ ಸುಮ್ಮನಾಗಿಸುವ ಹೆಂಗಸು ತನ್ನ ಮಾತನ್ನು ಯಾರೂ ಕೇಳದ ಕಟ್ಟಾಳುವನ್ನು ಮಾಡಿಕೊಂಡರು. ಅಣ್ಣ ಆ ಆರರ ಮೇಲೆ ಎರಡು ತಿಂಗಳ ಕತೆ ಕಟ್ಟಿದ. ಕೆರೆಯ ಏರಿ ಬಿರುಕು ಬಿಟ್ಟದ್ದನ್ನು ಆಕೆಯೊಬ್ಬಳೇ ನೋಡುತ್ತಾಳೆ. ಊರವರಿಗೆ ಹೇಳುತ್ತಾಳೆ, ಯಾರೂ ನಂಬುವುದಿಲ್ಲ. ಗೌಡನಿಗೆ ಹೇಳುತ್ತಾಳೆ, ಅವನು ಆಕಳಿಸುತ್ತಾನೆ. ಕೊನೆಗೆ ಯಾರಿಗೂ ಹೇಳದೆ ತಾನೇ ಬುಟ್ಟಿಯಲ್ಲಿ ಮಣ್ಣು ಹೊರಲು ಶುರುಮಾಡುತ್ತಾಳೆ. ಮೂರನೆಯ ದಿನ ಒಬ್ಬ ಮುದುಕಿ ಬಂದು ಜೊತೆಗೆ ಮಣ್ಣು ಹೊರುತ್ತಾಳೆ. ಆ ಆದಿತ್ಯವಾರ ಟೀಚರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

ಅಣ್ಣನೂ ಒಬ್ಬ ಕಟ್ಟಾಳು ಮಾಡಿಕೊಂಡಿದ್ದ. ಟೀಚರ್ ಕತೆ ಹೇಳುವ ದಿನ ಅವನು ಆಡುತ್ತಿದ್ದ. ಹೆಸರು ಕರಿಬಸ್ಯ. ಮನೆತುಂಬ ಪುಸ್ತಕ ಇಟ್ಟುಕೊಂಡವನು ಕರಿಬಸ್ಯನ ಬುದ್ಧಿಗೆ ಐದು ಇಟ್ಟಿದ್ದ. ಕರಿಬಸ್ಯನಿಗೆ ಮೂರರ ಮೇಲೆ ಎಣಿಸಲು ಬಾರದು, ಓದಲು ಬಾರದು. ಒಂದು ಸಲ ಬೆಟ್ಟದ ಮೇಲೊಂದು ಬಾಗಿಲು, ಅದರ ಮೇಲೆ ‘ಒಳಗೆ ಬಂದವರು ಸಾಯುತ್ತಾರೆ’ ಎಂಬ ಬರಹ. ಓದು ಬಂದವರೆಲ್ಲ ಹಿಂದೆ ಸರಿದರು. ಕರಿಬಸ್ಯ ಹೋಗಿ ಬಾಗಿಲು ತಟ್ಟಿ, “ಯವ್ವಾ, ನೀರು ಕೊಡ್ರಿ” ಎಂದ. ಒಳಗೆ ಇದ್ದದ್ದು ಬರುವವರಿಗೆ ಹೆದರಿ ಆ ಬರಹ ಬರೆಸಿದ್ದ ಒಂಟಿ ಹೆಂಗಸು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹೊಸ್ತಿಲ ಮೇಲೆ ಕೂತ ನಾನು ನಗಲಿಲ್ಲ. ನನ್ನನ್ನೇ ಆಡಿಕೊಂಡ ಹಾಗನಿಸಿತು.

ಯಾಕೆಂದರೆ ನಾನು ಓದಿದ್ದು ಏಳನೆಯ ತರಗತಿ. ನಮ್ಮೂರು ಕೊಳಗಲ್ಲು. ಅವ್ವ ಹಾಸಿಗೆ ಹಿಡಿದಾಗ ಮನೆಗೆ ಒಬ್ಬರು ಬೇಕಾಯಿತು. ಅಣ್ಣ ಕಾಲೇಜಿಗೆ ಹೋದ, ನಾನು ಒಲೆಯ ಮುಂದೆ ಕೂತೆ. ಆಮೇಲೆ ಬಳ್ಳಾರಿಗೆ ಬಂದೆವು. ನಾನು ಜೀನ್ಸ್ ಹೊಲಿಯುವ ಕೆಲಸಕ್ಕೆ ಸೇರಿದೆ. ಅಣ್ಣ ತಾನಾಗಿ ಪೇಪರು ಓದಿಸಿದ, ತಪ್ಪು ತಿದ್ದಿದ. ಇವತ್ತು ಇಷ್ಟು ಬರೆಯುತ್ತಿರುವುದು ಅವನು ಕಲಿಸಿದ್ದರಿಂದ. ಇಬ್ಬರಿಗೂ ಮದುವೆಯಾಗಲಿಲ್ಲ, ಇಬ್ಬರಿಗೂ ಅದರ ಚಿಂತೆ ಇರಲಿಲ್ಲ. ಆದರೆ ಓದಿದವರ ನಡುವೆ ಕೂರುವಾಗ ನನ್ನ ಮೈ ಕುಗ್ಗಿ ಇಷ್ಟೇ ಆಗುತ್ತಿತ್ತು.

ಒಂದು ವರ್ಷ ಹೊಸ್ತಿಲ ಮೇಲೆ ಕೂತ ಮೇಲೆ ನಾನೂ ಆಡುತ್ತೇನೆ ಎಂದೆ. ಖಾದರ್ ಭಾಯಿ ಚಪ್ಪಾಳೆ ತಟ್ಟಿದರು. ಅಣ್ಣ ಎದ್ದು, ತನ್ನ ಜಾಗ ಬಿಟ್ಟು, ಗೋಡೆಗೆ ಒರಗುವ ಒಳ್ಳೆಯ ಜಾಗವನ್ನು ನನಗೆ ತೋರಿಸಿದ.

ದಾಳ, ಹಾಳೆ, ಪೆನ್ಸಿಲ್ ಹಿಡಿದು ಅಡುಗೆಮನೆಗೆ ಹೋದೆ. ಐದು ಸಲ ಒಳ್ಳೆಯ ಅಂಕಿಗಳೇ ಬಿದ್ದವು. ಹದಿನಾರು, ಹದಿನಾಲ್ಕು, ಹದಿಮೂರು, ಹನ್ನೆರಡು, ಹನ್ನೊಂದು. ಆರನೆಯ ಸಲ ಎರಡು ದಾಳದಲ್ಲಿ ಒಂದು, ಉಳಿದೆರಡರಲ್ಲಿ ಎರಡು. ಒಂದನ್ನು ಬಿಟ್ಟು ಕೂಡಿಸಿದರೆ ಐದು. ಅದನ್ನೂ ಬರೆದೆ. ಬರೆದು ನೋಡುತ್ತಾ ನಿಂತೆ. ಕತ್ತಿ ಹಿಡಿಯುವವಳಿಗೆ ಕಸುವು ಬೇಕು, ಚುರುಕು ಬೇಕು, ತಾಳಿಕೆ ಬೇಕು. ಐದನ್ನು ಬುದ್ಧಿಗೆ ಇಡುವುದೇ ಲೆಕ್ಕ ಎಂದು ಯಾರಾದರೂ ಹೇಳುತ್ತಾರೆ. ಪಡಸಾಲೆಯಲ್ಲಿ ಒಬ್ಬರು ಗಣಿತದ ಟೀಚರ್, ಒಬ್ಬರು ಔಷಧದ ಹೆಸರುಗಳನ್ನು ಇಂಗ್ಲಿಷಿನಲ್ಲಿ ಓದುವವರು. ಅವರ ಮುಂದೆ ನಾನು ‘ಬುದ್ಧಿ, ಐದು’ ಎಂದು ಹೇಳಬೇಕು. ಅಣ್ಣ ಹೇಳಿದಾಗ ಅದು ಆಟ. ನಾನು ಹೇಳಿದರೆ ಅದು ನಿಜ ಎಂದುಕೊಳ್ಳುತ್ತಾರೆ.

ಐದರ ಎಡಕ್ಕೆ ಒಂದು ಗೀಟು ಎಳೆದೆ. ಹದಿನೈದಾಯಿತು.

ನನ್ನ ಕಟ್ಟಾಳುವಿಗೆ ಹೊನ್ನಿ ಎಂದು ಹೆಸರಿಟ್ಟೆ. ಬುದ್ಧಿಗೆ ಹದಿಮೂರು ಕೊಟ್ಟೆ. ಅಣ್ಣ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಓದಿ, “ಅಕಿಗೆ ಕುಂದ ಇಲ್ಲ ನೋಡ್ರಿ” ಎಂದ. ಅವನ ದನಿಯಲ್ಲಿದ್ದದ್ದು ಸಂತೋಷವೇ. ತಂಗಿಗೆ ಒಳ್ಳೆಯ ದಾಳ ಬಿತ್ತಲ್ಲ ಎಂಬ ಸಂತೋಷ.

ಹೊನ್ನಿ ಎಲ್ಲ ಜಗಳದಲ್ಲೂ ಗೆದ್ದಳು. ಹೊಳೆ ದಾಟಿದಳು, ಗೋಡೆ ಹತ್ತಿದಳು. ಖಾದರ್ ಭಾಯಿಯ ಕಟ್ಟಾಳುವಿಗೆ ಅಂದಾಜು ಏಳು. ಅವನು ಪ್ರತಿ ಸಲ ಕಳ್ಳರನ್ನೇ ನಂಬಿ ಗುಂಡಿಗೆ ಬೀಳುತ್ತಿದ್ದ, ಹೊನ್ನಿ ಎತ್ತುತ್ತಿದ್ದಳು. ಮೊದಮೊದಲು ಬಹಳ ಹಿಗ್ಗಿದೆ. ಆರು ತಿಂಗಳು ಕಳೆದ ಮೇಲೆ ಒಂದು ಗೊತ್ತಾಯಿತು. ಕತೆ ತಿರುಗುವುದು ಗುಂಡಿಗೆ ಬಿದ್ದವನ ಸುತ್ತ, ಎತ್ತಿದವಳ ಸುತ್ತ ಅಲ್ಲ. ಖಾದರ್ ಭಾಯಿಗೆ ಒಂದು ಕತೆ ಇತ್ತು, ಟೀಚರಿಗೆ ಒಂದು ಕತೆ ಇತ್ತು. ಹೊನ್ನಿಗೆ ಇರಲಿಲ್ಲ. ಅಣ್ಣ ಪ್ರಯತ್ನ ಮಾಡುತ್ತಿದ್ದ, ಅದು ನನಗೂ ಕಾಣುತ್ತಿತ್ತು. ಹೊನ್ನಿಗೆ ಒಬ್ಬ ಹಗೆಯನ್ನು ತಂದ. ಹೊನ್ನಿ ಎರಡೇ ಏಟಿಗೆ ಕೆಡವಿದಳು. ಕಳೆದುಹೋದ ಅಕ್ಕನನ್ನು ತಂದ. ಹೊನ್ನಿ ಅದೇ ಸಂಜೆ ಹುಡುಕಿದಳು.

ಆಡಲು ಕೂತ ವರ್ಷವೇ, ಒಂದು ಆದಿತ್ಯವಾರ ನನಗೆ ತಡೆಯಲಾಗಲಿಲ್ಲ. ಇಬ್ಬರ ಎದುರಿಗೇ ಅಂದೆ: “ನಿನಗ ಓದಿದೋರು ಬೇಕಣ್ಣ. ಏಳನೇತ್ತ ಓದಿದ ತಂಗಿ ಮಂಡಕ್ಕಿ ಒಗ್ಗರಣಿ ಹಾಕಾಕ ಸಾಕು. ಅವರಿಗೆ ಕತಿ ಕಟ್ಟತೀ, ನನಗ ಹೊಡದಾಟ ಕೊಡ್ತೀ.”

ಖಾದರ್ ಭಾಯಿ ತಲೆ ತಗ್ಗಿಸಿದರು. ಅಣ್ಣ ಅಂಗೈಯಲ್ಲಿದ್ದ ದಾಳಗಳನ್ನು ಹಲಗೆಯ ಮೇಲೆ ಇಟ್ಟ. ಆಮೇಲೆ ಮೆಲ್ಲಗೆ, “ಹೊನ್ನಿಗೆ ಎಲ್ಲಿ ನೋವು ಐತಿ ಅಂತ ನನಗ ಗೊತ್ತಾಗವಲ್ದವ್ವ. ನೀ ಹೇಳು, ಅಲ್ಲಿಂದ ಶುರು ಮಾಡತೀನಿ” ಎಂದ.

ಬಾಗಿಲು ತೆರೆದೇ ಕೊಟ್ಟಿದ್ದ. ನಾನು ಎಲ್ಲೂ ನೋವಿಲ್ಲ ಎಂದು ಎದ್ದು ಒಳಗೆ ಹೋದೆ.

ಅದರ ಮುಂದಿನ ವಾರದಿಂದ ಆಟ ಕುರುಗೋಡಿಗೆ, ಖಾದರ್ ಭಾಯಿಯ ಅಂಗಡಿಯ ಮೇಲಿನ ಕೋಣೆಗೆ ಹೋಯಿತು. ಮನೆಯಲ್ಲಿ ನನಗೆ ನೋವಾಗಬಾರದೆಂದು ಅಣ್ಣನೇ ಹಾಗೆ ಮಾಡಿದ. ಒಂದೂವರೆ ವರ್ಷ ಪ್ರತಿ ಆದಿತ್ಯವಾರ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೋದ. ಬರುತ್ತೀಯಾ ಎಂದು ಪ್ರತಿ ಸಲ ಕೇಳುತ್ತಿದ್ದ. ಜೀನ್ಸ್ ಬಾಕಿ ಇದೆ ಎಂದು ಪ್ರತಿ ಸಲ ಹೇಳುತ್ತಿದ್ದೆ. ಉಳಿದಂತೆ ನಮ್ಮಿಬ್ಬರ ನಡುವೆ ಏನೂ ಕೆಟ್ಟಿರಲಿಲ್ಲ. ನಾನು ಕಟ್ಟಿಕೊಟ್ಟ ಮಂಡಕ್ಕಿಯನ್ನು ಅವನು ಒಯ್ಯುತ್ತಿದ್ದ.

ಕಳೆದ ಸುಗ್ಗಿಯಲ್ಲಿ, ಮಧ್ಯಾಹ್ನ, ಚೀಟಿ ಬರೆಯುತ್ತಿದ್ದಾಗಲೇ ಅವನ ಎದೆ ನಿಂತುಹೋಯಿತು. ಡ್ರೈವರುಗಳು ಲಾರಿಗಳನ್ನು ರಸ್ತೆಯ ಬದಿಗೆ ಸಾಲಾಗಿ ನಿಲ್ಲಿಸಿ ಮಣ್ಣಿಗೆ ಬಂದರು. ಮೋಕದಿಂದ ಬಂದ ಒಬ್ಬ ರೈತ, “ಈ ಮನಿಷ್ಯಾ ಬರದ ತೂಕಾನ ನಾವು ಎರಡನೇ ಸಲ ನೋಡತಿದ್ದಿಲ್ರಿ” ಎಂದು ನನ್ನ ಮುಂದೆ ಅತ್ತ. ಅಂಥ ಮಾತು ಎಷ್ಟು ಮಂದಿಯ ಬಗ್ಗೆ ಬರುತ್ತದೆ? ಅಳುವಿನ ನಡುವೆಯೂ ನನ್ನ ಬೆನ್ನು ನೆಟ್ಟಗಾಯಿತು.

ಅವತ್ತು ಖಾದರ್ ಭಾಯಿಯೂ ಬಂದಿದ್ದರು. ಸಮಾಧಾನ ಹೇಳುವ ಮನಸ್ಸಿನಿಂದಲೇ ಅವರು ಒಂದು ಮಾತು ಅಂದರು: “ಅಣ್ಣಾರು ಬಂಗಾರದಂಥ ಮನಿಷ್ಯಾರು ಅಕ್ಕಾರ. ನಿಮ್ಮ ವಿಷಯದಾಗ ಒಂದ ಸ್ವಲ್ಪ ಬೇಇನ್ಸಾಫ್ ಆತು. ಮನಸಿನಾಗ ಇಟಗೋಬ್ಯಾಡ್ರಿ.” ಬೇಇನ್ಸಾಫ್ ಎಂದರೆ ಅನ್ಯಾಯ. ಪಕ್ಕದಲ್ಲಿದ್ದ ನಾಲ್ಕೈದು ಜನ ಅದನ್ನು ಕೇಳಿಸಿಕೊಂಡರು. ನಾನು ಆ ಮಾತನ್ನು ತಿದ್ದಲಿಲ್ಲ.

ಇಪ್ಪತ್ತೆರಡು ವರ್ಷ ಹತ್ತು ಕಿಲೋ ಆಚೀಚೆ ಬರೆಯದವನ ಹೆಸರಿಗೆ ಅನ್ಯಾಯ ಮಾಡಿದವನು ಎಂಬ ಮಾತು ಅಂಟಿತು. ಅಂಟಿಸಿದವಳು ನಾನು. ಅದನ್ನು ಬಿಡಿಸಬಲ್ಲವಳೂ ನಾನೊಬ್ಬಳೇ, ಯಾಕೆಂದರೆ ಅಡುಗೆಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೇಳಿದರೆ ಖಾದರ್ ಭಾಯಿ, ಟೀಚರ್ ಇಬ್ಬರೂ ನನ್ನ ಮುಖ ನೋಡಲಿಕ್ಕಿಲ್ಲ. ಅಣ್ಣನನ್ನು ಬಲ್ಲವರು ಎಂದು ನನಗೆ ಉಳಿದದ್ದು ಆ ಇಬ್ಬರೇ.

ಮೂರು ತಿಂಗಳು ತಡೆದು, ಒಂದು ಆದಿತ್ಯವಾರ ಕುರುಗೋಡಿನ ಬಸ್ಸು ಹತ್ತಿದೆ. ಅಂಗಡಿಯ ಮೇಲಿನ ಕೋಣೆಯಲ್ಲಿ ಇಬ್ಬರೂ ಇದ್ದರು. ಆಟ ನಿಂತಿತ್ತು, ಸುಮ್ಮನೆ ಚಹಾ ಕುಡಿಯಲು ಸೇರುತ್ತಿದ್ದರಂತೆ. ನಾನು ಕೂರಲಿಲ್ಲ. ನಿಂತುಕೊಂಡೇ ಪರಾತದ್ದು, ಬಿದ್ದ ಐದರದ್ದು, ಗೀಟಿನದ್ದು, ಎಲ್ಲವನ್ನೂ ಹೇಳಿದೆ. ಯಾಕೆ ಹಾಗೆ ಮಾಡಿದೆ ಎನ್ನುವುದನ್ನೂ ಹೇಳಿದೆ. ಅದು ಹೆಚ್ಚು ಕಷ್ಟವಾಯಿತು.

ಖಾದರ್ ಭಾಯಿ ಚಹಾದ ಲೋಟ ಕೆಳಗಿಟ್ಟರು. “ಹಂಗಾರ ಅಣ್ಣಾರದು ಏನೂ ತಪ್ಪಿಲ್ಲ” ಎಂದರು. ನನಗೆ ಹೇಳಿದ್ದಲ್ಲ, ತಮಗೇ ಹೇಳಿಕೊಂಡದ್ದು. ಆಮೇಲೆ ಎದ್ದು ಕಿಟಕಿಯ ಕಡೆ ಹೋಗಿ ನಿಂತರು. ತಾನು ಎಷ್ಟು ಜನರ ಮುಂದೆ ಆ ಮಾತು ಅಂದೆ ಎಂದು ನೆನಪು ಮಾಡಿಕೊಳ್ಳುತ್ತಿದ್ದರು ಎಂದು ಕಾಣುತ್ತದೆ.

ಹುಲಿಗೆಮ್ಮ ಟೀಚರ್ ಸಿಟ್ಟಾದರು. ಅವರ ಸಿಟ್ಟಿಗೆ ದನಿ ಏರುವುದಿಲ್ಲ, ಇಳಿಯುತ್ತದೆ. “ನಿನಗ ಒಂದು ಗೊತ್ತೈತೇನವ್ವ? ಇಲ್ಲಿಗೆ ಬಂದ ಪ್ರತಿ ವಾರ ನಿಮ್ಮಣ್ಣ ನನ್ನ ಕೇಳತಿದ್ರು. ಹೊನ್ನಿಗೆ ಏನು ಕತಿ ಕಟ್ಟಲಿ ಟೀಚರ, ನನಗ ಹೊಳೀವಲ್ದು, ನನ್ನ ಕೈಯಾಗ ಏನೋ ಕೊರತಿ ಐತಿ ಅಂತಿದ್ರು. ಒಂದು ವಹಿ ತುಂಬ ಬರದು ಬರದು ಹೊಡದು ಹಾಕ್ಯಾರ. ನಿನ್ನ ಹಾಳಿ ಮ್ಯಾಲ ಒಂದು ದಿನಾನೂ ಅನುಮಾನ ಪಡ್ಲಿಲ್ಲ.”

ನನಗೆ ಗೊತ್ತಿರಲಿಲ್ಲ. ಅವನಿಗೆ ತಿಳಿದಿರಬಹುದು, ತಿಳಿದೂ ನನಗಾಗಿ ಸುಮ್ಮನಿದ್ದಾನೆ ಎಂದು ನಾನು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೆ. ಲಾರಿಯ ಹಿಂದೆ ನಿಂತವರ ಉಸಿರನ್ನು ಹಿಡಿದವನು ತಂಗಿಯ ಹಾಳೆಯನ್ನು ತೂಗಲೇ ಇಲ್ಲ. ನನ್ನ ಸುಳ್ಳನ್ನು ನಂಬಿ, ಕೊರತೆಯನ್ನು ತನ್ನ ಮೇಲೆ ಹಾಕಿಕೊಂಡು ಹೋದ. ಅಷ್ಟು ದೊಡ್ಡವನು ನನ್ನ ಅಣ್ಣನಾಗಿದ್ದ ಎಂದು ಹಿಗ್ಗಲೋ, ಅಂಥವನಿಗೆ ಇದನ್ನು ಮಾಡಿದೆ ಎಂದು ಕುಗ್ಗಲೋ ತಿಳಿಯಲಿಲ್ಲ.

ಖಾದರ್ ಭಾಯಿ ಕಿಟಕಿ ಬಿಟ್ಟು ಬಂದರು. ಮಣ್ಣಿನ ದಿನ ತನ್ನ ಮಾತು ಕೇಳಿದವರಲ್ಲಿ ಮೂವರು ತನಗೆ ಗೊತ್ತು, ಅವರಿಗೆ ತಾನೇ ಹೇಳುತ್ತೇನೆ ಎಂದರು. ಉಳಿದವರಿಗೆ ನಾನು ಬರೆದು ತಿಳಿಸುತ್ತೇನೆ ಎಂದೆ. ಈ ಬರಹ ಅದೇ.

ಟೀಚರ್ ಕಪಾಟಿನಿಂದ, ಅಣ್ಣ ಆಟದ ಜೊತೆ ತಂದಿಟ್ಟಿದ್ದ ಹೊನ್ನಿಯ ಹಾಳೆ ತೆಗೆದು ಹಲಗೆಯ ಮೇಲೆ ಇಟ್ಟರು. ಅವರ ಸಿಟ್ಟು ಇನ್ನೂ ಇಳಿದಿರಲಿಲ್ಲ. ಪಾಠ ಹೇಳುವ ದನಿಯಲ್ಲಿ, “ಬಿದ್ದದ್ದು ಐದು. ಎಲ್ಲಿ ಇಡ್ತೀ?” ಎಂದರು.

ನಾನು ಕೂತೆ. ಹದಿನೈದನ್ನು ಒರೆಸಿ, ಆರು ಗುಣಗಳನ್ನು ಒಂದೊಂದಾಗಿ ಓದಿದೆ. ಬುದ್ಧಿಯ ಮುಂದೆ ಪೆನ್ಸಿಲ್ ಇಟ್ಟೆ. ಈಗ ಅಲ್ಲಿ ಐದು ಬರೆಯಲು ನಾಚಿಕೆಯೇನೂ ಆಗಲಿಲ್ಲ. ಆದರೆ ಅದೂ ಸುಳ್ಳೇ ಆಗುತ್ತದೆ ಅನಿಸಿತು. ನನಗೆ ಕಡಿಮೆ ಇದ್ದದ್ದು ಅದಲ್ಲ. ಒಂದೇ ಮನೆಯಲ್ಲಿ, ಒಂದೇ ಒಲೆಯ ಅನ್ನ ಉಂಡು, ಇಷ್ಟು ವರ್ಷ ಎದುರಿಗೆ ಕೂತಿದ್ದವನು ಎಂಥವನು ಎಂದು ನನಗೆ ತಿಳಿಯಲಿಲ್ಲ. ಅವನು ನನ್ನನ್ನು ಕಡಿಮೆ ಎಂದು ನೋಡುತ್ತಾನೆ ಎಂದುಕೊಂಡಿದ್ದೆ.

ಅಂದಾಜಿನ ಅಂಕಿಯನ್ನು ಹದಿನೈದಿದ್ದ ಜಾಗಕ್ಕೆ ಸರಿಸಿ, ಅಂದಾಜಿನ ಮುಂದೆ ಐದು ಬರೆದು ಹಾಳೆಯನ್ನು ಟೀಚರ್ ಕಡೆ ತಿರುಗಿಸಿದೆ. ಅವರು ಅದನ್ನು ಎರಡು ಸಲ ಓದಿದರು. ಆಮೇಲೆ ಖಾದರ್ ಭಾಯಿಗೆ, “ನನ್ನ ಬಸ್ಸಿಗೆ ಇನ್ನ ಹೊತ್ತೈತಿ, ಬರ್ರಿ ಕುಂದರ್ರಿ” ಎಂದು ಹೇಳಿ, ಹೊನ್ನಿಯ ಕತೆ ಶುರುಮಾಡಿದರು.